ನೀರು ಹದವಾಗುವ ಮುನ್ನ



ಮಠದ ಪತ್ರಿಕೆಯಲ್ಲಿ ಉಪ್ಪುನೀರಿನ ಮೀನುತೊಟ್ಟಿಯ ಪ್ರಸ್ತಾಪ ಬಂದುದನ್ನು ಕಂಡು ತಮಗೆ ಅಚ್ಚರಿಯಾದೀತು. ಶಿಕಾರಿಪುರ, ಸೊರಬ ಸೀಮೆಯವರಾದ ನಮಗೂ ಸಮುದ್ರಕ್ಕೂ ಏನು ಸಂಬಂಧ? ಘಟ್ಟವಿಳಿದರೆ ಪಡುವಣ ಕಡಲು ಸಿಕ್ಕಿಬಿಡುವುದು ನಿಜವಾದರೂ ನಮ್ಮ ನೀರು ಆ ಕಡೆಗೆ ಮುಖ ಮಾಡುವುದಿಲ್ಲ. ಸೊರಬದ ದಂಡಾವತಿ ವರದೆಯನ್ನು ಸೇರುತ್ತದೆ; ವರದೆಯೂ ಶಿಕಾರಿಪುರದ ಕುಮುದ್ವತಿಯೂ ತುಂಗಭದ್ರೆಯ ಪಾಲಾಗಿ, ಕೃಷ್ಣೆಯೊಡಗೂಡಿ, ನಾಡನ್ನೆಲ್ಲ ದಾಟಿಕೊಂಡು ಮೂಡಣ ಕಡಲಿಗೆ ಹೋಗುತ್ತವೆ. ಹೀಗಿರಲು ನಾವು ಬಲ್ಲ ಉಪ್ಪುನೀರೆಂದರೆ ಸಾಣಿಕಟ್ಟೆಯ ಉಪ್ಪಿನಿಂದ ಮಾಡಿದ ಉಪ್ಪಿನಕಾಯಿಯ ನೀರಷ್ಟೇ ಎಂದು ವಿನೋದಕ್ಕೆ ಹೇಳಬಹುದು. ಆದರೂ ಒಂದು ಗಾಜಿನ ತೊಟ್ಟಿ ನಮ್ಮ ಶಾಲೆಗೆ ಬಂತು. ಅದರೊಡನೆ ಒಂದು ಪ್ರಶ್ನೆಯೂ ಬಂತು. ಪ್ರಶ್ನೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲವಾದಕಾರಣ ತಮ್ಮ ಮುಂದೆ ಇಡುತ್ತಿದ್ದೇವೆ.

ಮೂರು ವರ್ಷಗಳ ಹಿಂದಿನ ಮಾತು. ನಮ್ಮ ಪ್ರೌಢಶಾಲೆಯಲ್ಲಿ ಓದಿ ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಭಕ್ತರೊಬ್ಬರು ವಿಜ್ಞಾನದ ಕೊಠಡಿಗೆಂದು 200 ಲೀಟರು ನೀರು ಹಿಡಿಯುವ ಗಾಜಿನ ತೊಟ್ಟಿಯೊಂದನ್ನು ಕಾಣಿಕೆಯಾಗಿ ಕಳುಹಿಸಿದರು. ನೀರು ತಿರುಗಿಸುವ ಪಂಪು, ದೀಪ, ಕೃತಕ ಸಮುದ್ರಲವಣದ ಚೀಲ ಎಲ್ಲವೂ ಜೊತೆಯಲ್ಲಿದ್ದವು. ಘಟ್ಟದ ಮೇಲಿನ ಮಕ್ಕಳು ಕಡಲಿನ ಜೀವವನ್ನು ಕಣ್ಣಾರೆ ಕಾಣಲಿ ಎಂಬ ಅವರ ಸದಾಶಯ ಪ್ರಶಂಸನೀಯವೇ. ನಾಲ್ಕು ದಿನಗಳಲ್ಲಿ ಶಾಲೆಯ ವಾರ್ಷಿಕ ಸಮಾರಂಭವಿತ್ತು. ಆ ದಿನವೇ ತೊಟ್ಟಿಯ ಉದ್ಘಾಟನೆಯೂ ಆಗಿಬಿಡಲಿ ಎಂದವರು ನಾವೇ. ಮೀನು ಮಾರಿದವರು ಒಂದು ಉಪಾಯ ಹೇಳಿಕೊಟ್ಟಿದ್ದರು: ಹೊಸ ತೊಟ್ಟಿಗೆ ಮೊದಲು ಎರಡು ಅಗ್ಗದ, ಗಟ್ಟಿ ಜಾತಿಯ ಮೀನು ಬಿಡಬೇಕು, ಅವು ನೀರನ್ನು ಪಳಗಿಸುತ್ತವೆ, ಹೋದರೂ ಹೆಚ್ಚೇನೂ ನಷ್ಟವಿಲ್ಲ, ಬೆಲೆಬಾಳುವ ಮೀನನ್ನು ಆಮೇಲೆ ಬಿಡಬಹುದು. ಅದರಂತೆ ಡ್ಯಾಮ್ಸೆಲ್ ಎಂಬ ಎರಡು ನೀಲಿ ಮೀನುಗಳು ಬಂದವು. ಅತಿಥಿಗಳ ಕಣ್ಣಿಗೆ ಅಷ್ಟೇ ಸಾಲದೆಂದು ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನುಗಳನ್ನೂ ತರಿಸಿದೆವು. ಪ್ಲಾಸ್ಟಿಕ್ ಚೀಲದಿಂದ ತೊಟ್ಟಿಗೆ ಅವುಗಳನ್ನು ಬಿಟ್ಟುದು ಈ ನಮ್ಮ ಕೈ. ಚಪ್ಪಾಳೆಯಾಯಿತು.

ಒಂಬತ್ತನೆಯ ದಿನಕ್ಕೆ ನಾಲ್ಕೂ ಸತ್ತಿದ್ದವು. ಕ್ಲೌನ್ ಮೀನುಗಳು ಮೊದಲು, ಗಟ್ಟಿ ಎಂದು ಹೆಸರು ಪಡೆದವು ಆಮೇಲೆ. ಬಹಳ ಹೊತ್ತು ನೀರಿನ ಮೇಲ್ಗಡೆಗೆ ಬಂದು ಬಾಯಿ ತೆರೆದು ತೆರೆದು ಉಸಿರಿಗೆ ತಡಕುತ್ತಿದ್ದವೆಂದು ಹುಡುಗರು ಹೇಳಿದರು. ನೀರಾದರೋ ತಳದ ಮರಳಿನ ಕಣ ಕಾಣುವಷ್ಟು ತಿಳಿ. ವಿದ್ಯಾರ್ಥಿನಿಲಯದಲ್ಲಿದ್ದು ಒಂಬತ್ತನೆಯ ತರಗತಿ ಓದುತ್ತಿದ್ದ ಸೊರಬ ತಾಲ್ಲೂಕಿನ ಹುಡುಗನೊಬ್ಬ ಅವನ್ನು ತೆಂಗಿನ ಬುಡದಲ್ಲಿ ಹೂಳಿ, ಕೈ ತೊಳೆದುಕೊಂಡು ಬಂದು ನಮ್ಮನ್ನು ಕೇಳಿದ: "ಬುದ್ಧೀ, ಕಿತ್ಲೆ ಮೀನಿಗೆ ನೀರು ಹದ ಮಾಡಾಕೆ ನೀಲಿ ಮೀನು ಬಿಡಬೇಕು ಅಂದ್ರಲ್ಲ. ನೀಲಿ ಮೀನಿಗೆ ಹದ ಮಾಡಿಕೊಟ್ಟೋರು ಯಾರು?"

ನಮ್ಮಲ್ಲಿ ಉತ್ತರವಿರಲಿಲ್ಲ. "ಓದಿ ನೋಡೋಣ" ಎಂದೆವು. ಓದಿದೆವು.

ತಿಳಿನೀರು ಏಕೆ ಕೊಂದಿತು? ತಾವು ಬೆಳಗಿನ ಜಾವ ದನದ ಕೊಟ್ಟಿಗೆಯ ಬಾಗಿಲು ತೆರೆದಾಗ ಮೂಗಿಗೆ ಚುರುಕ್ಕೆನ್ನುವ, ಕಣ್ಣಲ್ಲಿ ನೀರು ತರಿಸುವ ಘಾಟೊಂದಿದೆಯಲ್ಲವೆ? ಅದೇ ಅಮೋನಿಯಾ. ಮೀನು ಇದನ್ನು ಮುಖ್ಯವಾಗಿ ಕಿವಿರುಗಳ ಮೂಲಕ ಸದಾ ಹೊರಹಾಕುತ್ತಿರುತ್ತದೆ. ತಿಂದುಳಿದ ಆಹಾರ ಕೊಳೆತಾಗಲೂ ಇದು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ; ಅಲ್ಪ ಪ್ರಮಾಣದಲ್ಲಿ ನಮ್ಮ ಮೂಗಿಗೆ ವಾಸನೆಯೂ ತಿಳಿಯದು. ಮೀನಿನ ಕಿವಿರನ್ನು ಮಾತ್ರ ಅದು ಸುಡುತ್ತದೆ. ನೀರು ಕ್ಷಾರಗುಣದ್ದಾದಷ್ಟೂ ಅದರ ವಿಷ ಹೆಚ್ಚು. ಸಮುದ್ರದ ನೀರಿನ ಪಿಎಚ್ ಅಂಶ 8.2ರ ಆಸುಪಾಸಿನದು, ಪಿಎಚ್ 7ರ ಸಿಹಿನೀರಿನಲ್ಲಿರುವಷ್ಟೇ ಅಮೋನಿಯಾ ಅಲ್ಲಿದ್ದರೂ ವಿಷರೂಪದ ಪಾಲು ಹತ್ತು ಪಟ್ಟಿಗೂ ಮಿಕ್ಕಿರುತ್ತದೆ. ನಾವು ಸಮಾರಂಭದ ಮೆರುಗಿಗಾಗಿ ಆ ನಾಲ್ಕು ಜೀವಗಳನ್ನು ಅವುಗಳದೇ ಉಸಿರಿನ ಕೊಳೆಯಲ್ಲಿ ಕೂಡಿಹಾಕಿದ್ದೆವು.

ಹಾಗಾದರೆ ಕೆರೆಯಲ್ಲಿ, ಕಡಲಲ್ಲಿ ಮೀನು ಬದುಕುವುದು ಹೇಗೆ? ರೈತರಾದ ತಾವು ಇದರ ಉತ್ತರವನ್ನು ಹೆಸರು ತಿಳಿಯದೆಯೂ ಬಲ್ಲಿರಿ. ಸೊಪ್ಪಿನ ಬೆಟ್ಟದಿಂದ ತಂದ ಸೊಪ್ಪನ್ನು ದನದ ಕಾಲಡಿಗೆ ಹಾಸಿ, ಸಗಣಿ ಗಂಜಲದಲ್ಲಿ ನೆನೆಸಿ, ಗೊಬ್ಬರದ ಗುಂಡಿಗೆ ಹಾಕುತ್ತೀರಿ. ಹಸಿ ಗೊಬ್ಬರವನ್ನು ಅಡಿಕೆ ಸಸಿಯ ಬುಡಕ್ಕೆ ಯಾರೂ ಸುರಿಯುವುದಿಲ್ಲ, ಬೇರು ಬೆಂದುಹೋಗುತ್ತದೆ. ತಿಂಗಳುಗಟ್ಟಲೆ ಕಾದ ಮೇಲೆ ಘಾಟು ಅಡಗಿ, ಗೊಬ್ಬರ ಕಳಿತು, ಮಣ್ಣಿನ ವಾಸನೆ ಬರುತ್ತದೆ. ಆ ಕತ್ತಲೆಯ ಗುಂಡಿಯೊಳಗೆ ದುಡಿದವರು ಯಾರು ಎಂಬುದು 1877ರವರೆಗೆ ಲೋಕಕ್ಕೆ ಸರಿಯಾಗಿ ಗೊತ್ತಿರಲಿಲ್ಲ. ಆ ವರ್ಷ ಫ್ರಾನ್ಸಿನಲ್ಲಿ ಶ್ಲೂಸಿಂಗ್ ಮತ್ತು ಮ್ಯೂಂಟ್ಸ್ ಎಂಬಿಬ್ಬರು ಮರಳು, ಸುಣ್ಣಕಲ್ಲು ತುಂಬಿದ ಉದ್ದನೆಯ ಕೊಳವೆಯ ಮೂಲಕ ಚರಂಡಿಯ ನೀರನ್ನು ನಿಧಾನವಾಗಿ ಇಳಿಸತೊಡಗಿದರು. ಸುಮಾರು 20 ದಿನ ಏನೂ ಆಗಲಿಲ್ಲ. ಮೇಲೆ ಹಾಕಿದ ಅಮೋನಿಯಾ ಕೆಳಗೂ ಅಮೋನಿಯಾವಾಗಿಯೇ ಬಂತು. ಆಮೇಲೆ ನೈಟ್ರೇಟ್ ಬರತೊಡಗಿತು. ಅಂದರೆ ಪಟಾಕಿಯ ಮದ್ದಿಗೆ ಬಳಸುವ ಪೆಟ್ಲುಪ್ಪಿನಲ್ಲಿರುವ ಅಂಶವೇ. ಕೊಳವೆಯೊಳಗೆ ಕ್ಲೋರೋಫಾರಂ ಆವಿ ಬಿಟ್ಟರು, ಕೆಲಸ ನಿಂತುಹೋಯಿತು. ಆವಿಯನ್ನು ತೆಗೆದು, ತುಸು ಮಣ್ಣು ಕದಡಿದ ನೀರು ಸೇರಿಸಿದರು. ಕೆಲಸ ಮತ್ತೆ ಮೊದಲಾಯಿತು. ಮೂರ್ಛೆ ಹೋಗಬಲ್ಲದ್ದು ಜೀವವಲ್ಲದೆ ಮತ್ತೇನು? ಮುಂದೆ 1890ರ ಸುಮಾರಿಗೆ ವಿನೊಗ್ರಾಡ್ಸ್ಕಿ ಎಂಬ ರಷ್ಯದ ವಿಜ್ಞಾನಿ ಆ ಸೂಕ್ಷ್ಮಜೀವಿಗಳನ್ನು ಬೇರ್ಪಡಿಸಿ ತೋರಿಸಿದರು. ಒಂದು ಪಂಗಡ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಪಂಗಡ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇವಕ್ಕೆ ಸೂರ್ಯನ ಬೆಳಕೂ ಬೇಡ. ಆ ಕೆಲಸದಿಂದಲೇ ಅವುಗಳ ಜೀವನ.

ಹೊಸ ಗಾಜಿನ ತೊಟ್ಟಿಯಲ್ಲಿ ಈ ಜೀವಿಗಳು ಹೆಚ್ಚುಕಡಿಮೆ ಇರುವುದಿಲ್ಲ. ಗಾಳಿಯಿಂದಲೋ ಮರಳಿನಿಂದಲೋ ನಾಲ್ಕಾರು ಬಂದು, ಕಲ್ಲಿನ ಮೇಲೆ, ಮರಳಿನ ಸಂದಿಯಲ್ಲಿ ನೆಲೆಯೂರಿ ಹೆಚ್ಚಬೇಕು. ಹಾಲನ್ನು ಕೆಡಿಸುವ ಸೂಕ್ಷ್ಮಜೀವಿಗಳು ಗಂಟೆಯೊಳಗೆ ಇಮ್ಮಡಿಯಾದರೆ ಇವಕ್ಕೆ ಸುಮಾರು ಒಂದು ದಿನವೇ ಬೇಕು. ಎರಡನೆಯ ಪಂಗಡವಂತೂ ಮೊದಲಿನದು ತನ್ನ ಕೆಲಸ ಮಾಡಿ ನೈಟ್ರೈಟನ್ನು ಬಡಿಸುವವರೆಗೆ ಉಪವಾಸವೇ. ಆದಕಾರಣ ಇಡೀ ವ್ಯವಹಾರ ಕುದುರಲು ನಾಲ್ಕರಿಂದ ಆರು ವಾರ, ಒಮ್ಮೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಮೀನು ಸಾಕುವವರು ಇದನ್ನೇ ತೊಟ್ಟಿಯ ಚಕ್ರ ಪೂರ್ಣವಾಗುವುದು ಎನ್ನುತ್ತಾರೆ. ಹಳೆಯ ತೊಟ್ಟಿಯ ಒಂದು ಹಿಡಿ ಮರಳನ್ನು ಹೊಸದಕ್ಕೆ ಹಾಕಿದರೆ ಬೇಗನಾಗುತ್ತದೆ. ನಮ್ಮ ತಾಯಂದಿರು ಪಕ್ಕದ ಮನೆಯಿಂದ ಹೆಪ್ಪು ತಂದು ಹಾಲಿಗೆ ಹಾಕುವಂತೆ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಈ ಸೂಕ್ಷ್ಮಜೀವಿಗಳಿಗೆ ಅಮೋನಿಯಾ ಬೇಕು. ಅದನ್ನು ಒದಗಿಸಲೆಂದೇ ಹಿಂದಿನವರು ಗಟ್ಟಿ ಮೀನನ್ನು ಬಿಡುತ್ತಿದ್ದುದು. ಅಂದರೆ ಆ ಮೀನು ಅತಿಥಿಯೂ ಅಲ್ಲ, ಆಹಾರವೂ ಅಲ್ಲ, ಉಪಕರಣ. ಅದರ ದೇಹದ ಕೊಳೆ ನಮಗೆ ಬೇಕು, ಅದರ ಜೀವ ಬೇಡ. ಮುಂದೆ ಬರುವ ಬೆಲೆಬಾಳುವ ಜೀವಕ್ಕಾಗಿ ಬೆಲೆಯಿಲ್ಲದ ಜೀವವೊಂದನ್ನು ವಿಷದಲ್ಲಿ ಕೂರಿಸುವುದು ಸರಿಯೇ? ಹಾಗೆ ಬೆಲೆ ಕಟ್ಟಿದವರಾದರೂ ಯಾರು? ಅಂಗಡಿಯ ಚೀಟಿ.

ನಾವು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಓದುವಾಗ ಕಾಂಟ್ ಮಹಾಶಯನ 1785ರ ನೀತಿಗ್ರಂಥವನ್ನು ಪಾಠ ಹೇಳಿಸಿಕೊಂಡಿದ್ದೆವು. ಮನುಷ್ಯನನ್ನು ಬರಿಯ ಸಾಧನವಾಗಿ ಬಳಸಬಾರದೆಂಬುದು ಅವನ ಸುಪ್ರಸಿದ್ಧ ಸಿದ್ಧಾಂತ. ಆದರೆ ಪ್ರಾಣಿಗಳಿಗೆ ಆ ರಕ್ಷಣೆಯನ್ನು ಅವನು ನೇರವಾಗಿ ಕೊಡಲಿಲ್ಲ. ಪ್ರಾಣಿಹಿಂಸೆ ಮನುಷ್ಯನ ಮನಸ್ಸನ್ನು ಒರಟುಮಾಡುತ್ತದೆ, ಆದ್ದರಿಂದ ಬೇಡ ಎಂದಷ್ಟೇ ಹೇಳಿದ. ಆಗ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದೆವೇ ಹೊರತು ಇದೇಕೆ ಹೀಗೆಂದು ನಾವು ಕೇಳಲಿಲ್ಲ. ಅವನ ಕಾಲದವನೇ ಆದ ಬೆಂಥಾಮನು, ಪ್ರಾಣಿಗೆ ಬುದ್ಧಿಯಿದೆಯೇ, ಮಾತಿದೆಯೇ ಎಂದು ಕೇಳಬೇಡಿ, ನೋವಿದೆಯೇ ಎಂದು ಕೇಳಿ ಎಂಬರ್ಥದ ಮಾತನ್ನು ಬರೆದಿಟ್ಟಿದ್ದ. ಮೀನಿನ ವಿಷಯದಲ್ಲಿ ಆ ಪ್ರಶ್ನೆಗೆ ಬಹುಕಾಲ ಉಪೇಕ್ಷೆಯೇ ಉತ್ತರವಾಗಿತ್ತು. 2003ರಲ್ಲಿ ಸ್ಕಾಟ್ಲೆಂಡಿನ ಸಂಶೋಧಕರು ಟ್ರೌಟ್ ಮೀನಿನ ಮುಖಭಾಗದಲ್ಲಿ ನೋವನ್ನು ಗ್ರಹಿಸುವ ನರತುದಿಗಳಿರುವುದನ್ನು ತೋರಿಸಿದರು. ಅದನ್ನು ನೋವಿನ ಅನುಭವವೆನ್ನಬಹುದೇ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಬಾಯಿ ತೆರೆದು ತೆರೆದು ತಡಕಿದ ನಾಲ್ಕು ಮೀನುಗಳನ್ನು ಕಂಡ ಹುಡುಗನಿಗೆ ಆ ವಾದದ ತೀರ್ಪಿಗಾಗಿ ಕಾಯುವ ಅಗತ್ಯ ತೋರಲಿಲ್ಲ.

ಇದಕ್ಕೆ ಬಂದ ಆಕ್ಷೇಪಣೆಗಳನ್ನೂ ಹೇಳಬೇಕು. ಗಟ್ಟಿ ಮೀನುಗಳು ಎಲ್ಲ ಸಲವೂ ಸಾಯುವುದಿಲ್ಲ, ಅನೇಕ ಬದುಕಿಕೊಳ್ಳುತ್ತವೆ ಎಂದರು ಒಬ್ಬರು. ನಿಜ, ಸುಟ್ಟ ಕಿವಿರಿನೊಡನೆ ಬದುಕಿಕೊಳ್ಳುತ್ತವೆ. ಮತ್ತೊಬ್ಬ ಹಿರಿಯರು, ಕೊಂಚ ಕೊಂಕಿನಿಂದಲೇ, ಬೇಸಗೆಯಲ್ಲಿ ನಮ್ಮ ಕಡೆ ಕೆರೆಬೇಟೆಯಲ್ಲಿ ಸಾಯುವ ಮೀನಿನ ಮುಂದೆ ನಿಮ್ಮ ನಾಲ್ಕು ಮೀನಿನ ಲೆಕ್ಕವೇನು ಸ್ವಾಮಿಗಳೇ ಎಂದರು. ಈ ಮಾತು ನಮ್ಮನ್ನು ಯೋಚನೆಗೆ ಹಚ್ಚಿತು. ಕೆರೆಯ ನೀರು ಇಳಿದಾಗ ಊರಿಗೆ ಊರೇ ಬಿದಿರಿನ ಕುಣಿ ಹಿಡಿದು ಕೆಸರಿಗಿಳಿಯುವುದನ್ನು ತಾವೂ ನೋಡಿದ್ದೀರಿ. ಮಾಂಸಾಹಾರ ತೊರೆದ ಆಶ್ರಮದವರಾದ ನಾವು ಅದನ್ನು ಹೊಗಳಲಾರೆವು. ಆದರೆ ಒಂದು ಅಂತರ ನಮ್ಮ ಕಣ್ಣಿಗೆ ಬೀಳದಿರಲಿಲ್ಲ. ಕುಣಿಯೊಳಗೆ ಕೈಯಿಟ್ಟವನಿಗೆ ತಾನು ಜೀವ ತೆಗೆಯುತ್ತಿದ್ದೇನೆಂಬುದು ಗೊತ್ತು. ಆ ಮೀನು ಅವನ ಮನೆಯ ಒಲೆಗೆ ಹೋಗುತ್ತದೆ. ನಾವಾದರೋ ಜೀವ ತೆಗೆಯುತ್ತಾ ಜೀವ ಸಾಕುತ್ತಿದ್ದೇವೆಂದು ತಿಳಿದಿದ್ದೆವು, ಹಾರ ಹಾಕಿಸಿಕೊಂಡಿದ್ದೆವು. ಇಬ್ಬರಲ್ಲಿ ಹೆಚ್ಚು ತಪ್ಪಿತಸ್ಥ ಯಾರೆಂಬ ತೀರ್ಪನ್ನು ಕೊಡಲು ನಮಗೆ ಸಂಕೋಚವಾಗುತ್ತದೆ.

ಮೂರನೆಯ ಆಕ್ಷೇಪಣೆ ನಮ್ಮದೇ. ಹೊಸದಾವುದೂ ಮೊದಲು ಬಂದವರ ಕಷ್ಟವಿಲ್ಲದೆ ಹದವಾಗುವುದಿಲ್ಲ, ಇದು ಲೋಕದ ನಿಯಮ, ಇದಕ್ಕೆ ದುಃಖಿಸಿ ಫಲವೇನು ಎಂದು ನಮಗೆ ನಾವೇ ಸಮಾಧಾನ ಹೇಳಿಕೊಂಡಿದ್ದೆವು. ಈ ಸಮಾಧಾನವನ್ನು ಮುರಿದುದು ಒಂದು ಸಣ್ಣ ಸಂಗತಿ. ಅಮೋನಿಯಾ ಒದಗಿಸಲು ಮೀನೇ ಬೇಕಾಗಿಲ್ಲ! ಕಲಾಯಿ ಹಾಕುವವರು ಪಾತ್ರೆಗೆ ಉಜ್ಜುವ ನವಸಾಗರವಿದೆಯಲ್ಲ, ಅದು ಅಮೋನಿಯಂ ಕ್ಲೋರೈಡು. ಅದರ ಶುದ್ಧ ರೂಪ ನಮ್ಮ ಶಾಲೆಯ ಪ್ರಯೋಗಾಲಯದ ಬೀರುವಿನಲ್ಲಿ, ಆ ತೊಟ್ಟಿಯಿಂದ ಹತ್ತು ಹೆಜ್ಜೆ ದೂರದಲ್ಲಿ, ಮೊದಲಿನಿಂದಲೂ ಇತ್ತು. 200 ಲೀಟರು ನೀರಿಗೆ ಒಂದೂಕಾಲು ಗ್ರಾಮಿನಷ್ಟು ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ ಸಿಗುತ್ತದೆ. ಸೂಕ್ಷ್ಮಜೀವಿಗಳಿಗೆ ಅದು ಅನ್ನ. ಮೀನಿಗೆ ಮಾತ್ರ ವಿಷ. ಆರು ವಾರ ಅನ್ನವಿಟ್ಟು ಕಾದರೆ ಯಾರೂ ಸಾಯಬೇಕಾಗಿಲ್ಲ. ಹಾಗಾದರೆ ನಮ್ಮ ನಾಲ್ಕು ಮೀನುಗಳು ಸತ್ತುದು ಲೋಕದ ನಿಯಮದಿಂದಲ್ಲ. ಕಾರ್ಯಕ್ರಮದ ಪಟ್ಟಿಯಲ್ಲಿ ದಿನಾಂಕ ಅಚ್ಚಾಗಿತ್ತು, ಅದರಿಂದ.

ಇಷ್ಟು ತಿಳಿದ ಮೇಲೆ ಬೇರೆ ಕೆಲವು ನೆನಪುಗಳೂ ಬಂದು ಕಾಡತೊಡಗಿದವು. ನಮ್ಮ ವಿದ್ಯಾರ್ಥಿನಿಲಯ ಆರಂಭವಾದ ವರ್ಷ ಕಟ್ಟಡಕ್ಕೆ ಕಿಟಕಿಯ ಬಾಗಿಲಿರಲಿಲ್ಲ, ಸ್ನಾನದ ಮನೆಯಿರಲಿಲ್ಲ. ಮಳೆಗಾಲದಲ್ಲಿ ಮಕ್ಕಳು ಕಂಬಳಿ ಹೊದ್ದು ಕುಳಿತೇ ರಾತ್ರಿ ಕಳೆದದ್ದುಂಟು. ಜೂನ್ ತಿಂಗಳಲ್ಲೇ ತೆರೆಯಬೇಕೆಂಬ ಹಟ ಹಿರಿಯರದು, ಅದಕ್ಕೆ ತಲೆಯಾಡಿಸಿದವರು ನಾವು. ಆಮೇಲಿನ ಭಾಷಣಗಳಲ್ಲಿ ಆ ಮೊದಲ ತಂಡದ ಮಕ್ಕಳ ತ್ಯಾಗವನ್ನು ನಾವು ಎಷ್ಟು ಸಲ ಕೊಂಡಾಡಿಲ್ಲ! ತ್ಯಾಗವೆಂಬುದು ಮಾಡುವವನು ತಿಳಿದು ಮಾಡುವ ಕ್ರಿಯೆ. ಹತ್ತು ವರ್ಷದ ಮಕ್ಕಳನ್ನು ಯಾರು ಕೇಳಿದ್ದರು?

ನಮ್ಮ ಜಿಲ್ಲೆಯ ದೊಡ್ಡ ಕತೆಯೂ ಇದೇ ಜಾತಿಯದು. ಆ ಗಾಜಿನ ತೊಟ್ಟಿಯ ಪಂಪು ತಿರುಗುವುದು, ದೀಪ ಉರಿಯುವುದು ವಿದ್ಯುತ್ತಿನಿಂದ. ನಾಡಿಗೆ ವಿದ್ಯುತ್ತು ಕೊಟ್ಟ ನದಿಗಳಲ್ಲಿ ಶರಾವತಿ ಮುಂಚೂಣಿಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ತೋಟ, ಗದ್ದೆ ಮುಳುಗಿ ಬಂದ ಕುಟುಂಬಗಳನ್ನು ಶಿವಮೊಗ್ಗ ಜಿಲ್ಲೆಯ ಹಲವು ಕಡೆಗಳಲ್ಲಿ, ಬಹಳಷ್ಟು ಜನರನ್ನು ಕಾಡಿನ ಮಗ್ಗುಲಲ್ಲಿ, ಇಳಿಸಲಾಯಿತು. ನಾಡಿಗೆ ಬೆಳಕು ಬೇಡವಾಗಿತ್ತೆಂದು ನಾವು ಹೇಳುತ್ತಿಲ್ಲ. ಈ ಲೇಖನವನ್ನು ಬರೆಯುತ್ತಿರುವುದೂ ಆ ಬೆಳಕಿನಲ್ಲೇ. ಆದರೆ ಅವರು ಬಂದಿಳಿಯುವ ಮೊದಲು ಅಲ್ಲಿ ಬಾವಿ ತೋಡಿತ್ತೇ, ದಾರಿ ಆಗಿತ್ತೇ, ಕೊಟ್ಟ ನೆಲಕ್ಕೆ ಕಾಗದಪತ್ರ ಆಗಿತ್ತೇ? ಅರ್ಧ ಶತಮಾನ ಕಳೆದ ಮೇಲೂ ಅವರ ಮಕ್ಕಳು ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದುದನ್ನು ನಾವೆಲ್ಲರೂ ಕಂಡಿದ್ದೇವೆ. ಗಟ್ಟಿ ಜನ, ಹೇಗೋ ಬದುಕಿಕೊಂಡರು ಎಂದು ಅವರನ್ನು ಕುರಿತು ಮೆಚ್ಚುಗೆಯಿಂದ ಹೇಳುವುದನ್ನು ಕೇಳಿದ್ದೇವೆ. ಈಚೆಗೆ ಆ ಮೆಚ್ಚುಗೆಯ ಮಾತು ಕಿವಿಗೆ ಬಿದ್ದಾಗಲೆಲ್ಲ ನಮಗೆ ಮೀನಿನಂಗಡಿ ನೆನಪಾಗುತ್ತದೆ.

ತಾಳಗುಂದದ ಪ್ರಣವೇಶ್ವರ ದೇಗುಲದ ಮುಂದೆ ಐದನೆಯ ಶತಮಾನದ ಶಿಲಾಸ್ತಂಭವೊಂದು ನಿಂತಿದೆಯಷ್ಟೆ. ಕದಂಬ ದೊರೆ ಕಾಕುಸ್ಥವರ್ಮ ಆ ದೇಗುಲದ ಸನ್ನಿಧಿಯಲ್ಲಿ ಕೆರೆ ಕಟ್ಟಿಸಿದ ವಿಷಯವನ್ನು ಕುಬ್ಜನೆಂಬ ಕವಿ ಅದರ ಮೇಲೆ ಕಾವ್ಯವಾಗಿ ಬರೆದಿದ್ದಾನೆ. ಬರೆಯಿಸಿದವನು ಕಾಕುಸ್ಥನ ಮಗ ಶಾಂತಿವರ್ಮ. ಅಪ್ಪ ಕಟ್ಟಿಸಿದ ಕೆರೆಗೆ ಶಾಸನ ಬಂದುದು ಮಗನ ಕಾಲದಲ್ಲಿ. ಅಷ್ಟರಲ್ಲಿ ಎಷ್ಟು ಮಳೆಗಾಲ ಆ ನೀರನ್ನು ತುಂಬಿಸಿ ಇಳಿಸಿತ್ತೋ, ಕಪ್ಪೆ ಬಸವನಹುಳುಗಳು ತಾವಾಗಿ ಬಂದು ನೆಲೆಸಿದ್ದವೋ! ನಮ್ಮದು ಶಾಸನ ಮೊದಲು, ಕೆರೆ ಆಮೇಲೆ ಎಂಬ ಪದ್ಧತಿ.

ಎರಡನೆಯ ಪ್ರಯತ್ನದ ವಿಷಯವನ್ನೂ ಹೇಳಿಬಿಡಬೇಕು. ಗಾಜಿನಲ್ಲಿ ಮೀನು ಸಾಕುವುದೇ ತರವಲ್ಲ, ತೊಟ್ಟಿಯನ್ನು ಹಿಂದಿರುಗಿಸೋಣವೆಂದು ನಮ್ಮ ಮನಸ್ಸಿನಲ್ಲಿತ್ತು. ಈಗಲೂ ಆ ವಿಷಯದಲ್ಲಿ ನಮಗೆ ಪೂರ್ತಿ ಸಮಾಧಾನವಿಲ್ಲ. ಹುಡುಗರು ಕೇಳಲಿಲ್ಲ. ಸಮುದ್ರದಿಂದ ಹಿಡಿದ ಮೀನು ಬೇಡ, ಮರಿಕೇಂದ್ರದಲ್ಲಿ ಹುಟ್ಟಿದ್ದೇ ಇರಲಿ ಎಂಬ ಷರತ್ತಿಗೆ ಅವರು ಒಪ್ಪಿದ ಮೇಲೆ ನಾವೂ ಒಪ್ಪಿದೆವು. ಹವಳದ ಕಲ್ಲಂತೂ ನಮ್ಮ ದೇಶದಲ್ಲಿ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿರುವುದರಿಂದ ಮುಟ್ಟುವಂತಿಲ್ಲ. ಒಣ ಸುಣ್ಣಕಲ್ಲನ್ನೇ ಜೋಡಿಸಿದರು. ಹೆಂಚಿನ ಮಾಡಿನಿಂದ ಇಳಿವ ಮಳೆಯ ನೀರನ್ನು, ಮೊದಲ ನಾಲ್ಕು ಮಳೆ ಧೂಳು ತೊಳೆದುಹೋಗಲೆಂದು ಬಿಟ್ಟು, ಆಮೇಲೆ ಹಿಡಿದು ಸೋಸಿದರು. ಸಾಣಿಕಟ್ಟೆಯ ಉಪ್ಪೇ ಸಾಲದೇ ಎಂದೊಬ್ಬ ಕೇಳಿದ. ಗದ್ದೆಯಲ್ಲಿ ಉಪ್ಪು ಹರಳುಗಟ್ಟುವಾಗ ಮೆಗ್ನೀಷಿಯಮ್ಮಿನಂಥ ಲವಣಗಳು ಬಹುಪಾಲು ಕಹಿನೀರಿನಲ್ಲೇ ಉಳಿದುಬಿಡುತ್ತವೆ, ಅಡಿಗೆಯ ಉಪ್ಪು ಕರಗಿದರೆ ಕಡಲಾಗುವುದಿಲ್ಲ ಎಂದು ಅಧ್ಯಾಪಕರು ತಿಳಿಸಿದರು. ಲೀಟರಿಗೆ 35 ಗ್ರಾಮಿನಂತೆ 7 ಕಿಲೋ ಸಮುದ್ರಲವಣ ಕರಗಿತು. ನವಸಾಗರ ಹಾಕಿದ ದಿನದಿಂದ ಸೊರಬದ ಹುಡುಗ ಒಂದು ನೋಟುಬುಕ್ಕು ಇಟ್ಟ. ಎರಡು ದಿನಕ್ಕೊಮ್ಮೆ ಕೊಳವೆಯಲ್ಲಿ ನೀರು ತೆಗೆದು, ಪರೀಕ್ಷೆಯ ದ್ರಾವಣದ ಹನಿ ಬಿಟ್ಟು, ಬಣ್ಣ ನೋಡಿ ಬರೆಯುವುದು. ಮೊದಲ ಎರಡು ವಾರ ಒಂದೇ ಹಸಿರು. ಮೂರನೆಯ ವಾರ ಅಮೋನಿಯಾ ಇಳಿಯಿತು, ನೈಟ್ರೈಟಿನ ನೇರಳೆ ಏರಿತು. ನಡುವೆ ಬಿರುಗಾಳಿಗೆ ಕಂಬ ಬಿದ್ದು ಎರಡು ದಿನ ವಿದ್ಯುತ್ತಿಲ್ಲ. ಆ ಜೀವಿಗಳಿಗೆ ಆಮ್ಲಜನಕ ಬೇಕಲ್ಲ, ಹುಡುಗರು ಸರದಿಯ ಮೇಲೆ ಎದ್ದು ಚೊಂಬಿನಿಂದ ನೀರೆತ್ತಿ ಎತ್ತಿ ಸುರಿದರು.

ಮೂವತ್ತನೆಯ ದಿನದ ಹೊತ್ತಿಗೆ ತೊಟ್ಟಿ ಕೊಟ್ಟ ಭಕ್ತರು ಬಂದರು. ದೀಪದ ಕೆಳಗೆ ಕಂದು ಪಾಚಿ ಹಿಡಿದ ಕಲ್ಲು, ಮರಳು, ನೀರು, ಬೇರೇನಿಲ್ಲ. ಅವರ ಮುಖ ಚಿಕ್ಕದಾಯಿತು. "ಇದ್ರಾಗೆ ಏನೂ ಇಲ್ವಲ್ಲೋ ತಮ್ಮಾ" ಎಂದರು. ಹುಡುಗ ನೋಟುಬುಕ್ಕನ್ನು ಬಿಚ್ಚಿ ಮುಂದಿಟ್ಟ. "ಅದಾವೆ ಅಣ್ಣಾ, ಕಾಣಂಗಿಲ್ಲ ಅಷ್ಟೇ" ಎಂದ.

ಐವತ್ತೊಂದನೆಯ ದಿನ, ನವಸಾಗರ ಹಾಕಿ ಒಂದೇ ದಿನದೊಳಗೆ ಅಮೋನಿಯಾ ನೈಟ್ರೈಟುಗಳೆರಡೂ ಸೊನ್ನೆಗೆ ಬಂದುದನ್ನು ಮೂರನೆಯ ಸಲ ಖಚಿತಪಡಿಸಿಕೊಂಡು, ಕೂಡಿದ್ದ ನೈಟ್ರೇಟ್ ತಗ್ಗಲೆಂದು ಅರ್ಧಕ್ಕೂ ಹೆಚ್ಚು ನೀರನ್ನು ಬದಲಾಯಿಸಿ, ಎರಡು ಕ್ಲೌನ್ ಮೀನುಗಳನ್ನು ಬಿಟ್ಟರಂತೆ. ನಾವು ಅಂದು ಆನವಟ್ಟಿಯ ಕಡೆ ಮನೆಯೊಂದರ ಕಾರ್ಯಕ್ಕೆ ಹೋಗಿದ್ದೆವು. ನಮಗೆ ಹೇಳಿ ಕಳುಹಿಸಬೇಕೆಂದು ಯಾರಿಗೂ ತೋಚಲಿಲ್ಲ. ಹಿಂದಿರುಗಿ ಬಂದಾಗ ರಾತ್ರಿ ಹತ್ತು ಗಂಟೆ. ಹೊಸ ನೀರಿಗೆ ಬಂದ ದಿನ ಬೆಳಕಿದ್ದರೆ ಮೀನು ಹೆದರುತ್ತವೆಂದು ಹುಡುಗ ದೀಪವಾರಿಸಿ, ಬಾಗಿಲೆಳೆದುಕೊಂಡು ಹೋಗಿದ್ದ. ಟಾರ್ಚು ಹಾಕಿ ನೋಡುವ ಮನಸ್ಸಾಯಿತು, ಹಾಕಲಿಲ್ಲ. ಕತ್ತಲೆಯಲ್ಲಿ ಪಂಪಿನ ಸದ್ದನ್ನು ಸ್ವಲ್ಪ ಹೊತ್ತು ಕೇಳುತ್ತ ನಿಂತು, ಮಲಗಲು ಹೋದೆವು.